ಪಾಳಿಯ ಪ್ರೋಗ್ರಾಮು ಯಾರದು?

ಪುಕ್ಕಟೆ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ೨೦೧೧ರ ಬೇಸಿಗೆಯಲ್ಲಿ ನಿಪ್ಪಾಣಿಯ ಕುನಾಲ, ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯ ಪರವಾಗಿ ನಮ್ಮೂರು ಸತ್ತಿಯ ಏತ ನೀರಾವರಿ ಸಂಘದ ಆಫೀಸಿಗೆ ಬಂದಾಗಲೂ ಹಾಗೇ ಆಯಿತು.

ಕೃಷ್ಣೆಯಿಂದ ಎತ್ತಿದ ನೀರು ಯಾರ ಕಬ್ಬಿಗೆ ಯಾವಾಗ ಹೋಗಬೇಕೆಂಬ ಪಾಳಿಯನ್ನು ನಾನು ಬರೆದ ಪ್ರೋಗ್ರಾಮು ಹಾಕಿಕೊಡುತ್ತಿತ್ತು. ಅದಕ್ಕೂ ಮೊದಲು ಪಾಳಿಗಾಗಿ ಜನ ಕೊಡಲಿ ಹಿಡಿದು ನಿಂತದ್ದುಂಟು. ಅಥಣಿಯಲ್ಲಿ ಬಿಸಿಎ ಓದಿ ಸೊಸೆಯಾಗಿ ಬಂದ ನಾನು ನನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಕೆಲಸ ಅದು. ಸಂಘದ ಚೇರಮನ್ನರು ನನ್ನ ಮಾವ ಮುರಗೆಪ್ಪ.

"ಮ್ಯಾಡಮ್, ನೀವು ಸಿ ಭಾಷಾದಾಗ ಬರದೀರಿ. ಅದರ ಹೊಸಾ ಕಂಪೈಲರ್ ನಾವು ಪುಕ್ಕಟ ಕೊಡ್ತೀವ್ರಿ. ಅದರ ಜೋಡಿ ಒಂದು ಕಂಪ್ಯೂಟರ್ರೂ," ಅಂದ ಕುನಾಲ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದೇ ಕಂಪೈಲರ್.

"ಆ ಭಾಷಾ ಯಾರದು?" ಎಂದೆ.

"ಯಾರದೂ ಅಲ್ರಿ. ಅದಕ್ಕ ಸ್ಟ್ಯಾಂಡರ್ಡ್ ಐತಿ. ಜಗತ್ತಿನ ಕಮಿಟಿ ಕೂತು ನಿಯಮ ಬರೀತೈತಿ."

"ಕಮಿಟ್ಯಾಗ ಕೂಡಾವ್ರಿಗೆ ಪಗಾರ ಯಾರ ಕೊಡ್ತಾರ?"

ಅವನು ಚಹಾದ ಬಸಿ ಕೆಳಗಿಟ್ಟ. "ಕಂಪನಿಗೋಳು ಕೊಡ್ತಾವ್ರಿ. ನಮ್ಮವ್ರೂ ಇಬ್ಬರು ಅದಾರ."

ಮಾರುವವರೇ ಕೂತು ನಿಯಮ ಬರೆದರೆ ಅದು ಯಾರದೂ ಅಲ್ಲದ ಭಾಷೆ ಹೇಗಾದೀತು? "ಊರಿಗಿ ಬಂದಾವ್ರಿಗೆ ಹಂಗ ಕೇಳಬಾರ್ದವಾ," ಎಂದು ಅಲ್ಲೇ ಕೂತಿದ್ದ ಮಾವ ಮೆಲ್ಲಗೆ ಗದರಿದರು. ಸಂಶಯ ಮಾತ್ರ ಹೋಗಲಿಲ್ಲ.

ಅವನು ಬಿಟ್ಟುಹೋದ ಕಂಪೈಲರಿಗೆ ನನ್ನ ಪ್ರೋಗ್ರಾಮಿನ ನಕಲು ಹಾಕಿ ನೋಡಿದೆ. ಸೊಗಸಾಗಿ ಓಡಿತು. ಆದರೆ ಸುಧಾರಿಸುವ ನೆಪದಲ್ಲಿ ಅದರ ಜೊತೆಗೆ ಬಂದ ತಿದ್ದುವ ಸಾಧನ ನನ್ನ ನಕಲಿನೊಳಗೆ ತನ್ನವೇ ಒಂದಿಷ್ಟು ಸಾಲುಗಳನ್ನು ಸೇರಿಸಿತ್ತು. ಆ ನಕಲನ್ನು ನನ್ನ ಹಳೆಯ ಕಂಪೈಲರಿಗೆ ಕೊಟ್ಟರೆ ಮಿಸುಕಾಡಲಿಲ್ಲ. ಆ ಸಾಲುಗಳು ಸ್ಟ್ಯಾಂಡರ್ಡಿನಲ್ಲೇ ಇರಲಿಲ್ಲ.

ಫೋನ್ ಮಾಡಿ ಬೈದೆ. ಕುನಾಲ ನಕ್ಕ. "ಅವು ಅನುಕೂಲಕ್ಕ ಅದಾವ್ರಿ. ಮುಂದ ಕಮಿಟ್ಯಾಗ ಇಟ್ಟು ಸ್ಟ್ಯಾಂಡರ್ಡಿಗೂ ಸೇರಸ್ತೀವಿ."

ಮೊದಲು ಹಗ್ಗ ಹಾಕುವುದು, ಆಮೇಲೆ ಅದನ್ನೇ ಕಾಯ್ದೆ ಮಾಡುವುದು! ಅವರ ಕಂಪೈಲರ್ ಒಮ್ಮೆ ಒಳಗೆ ಬಂದರೆ ಊರಿನ ನೀರು ಅವರ ಮರ್ಜಿಯ ಮೇಲೆ ಹರಿಯಬೇಕಾಗುತ್ತದೆ. ಓಡುತ್ತಲೇ ಮಾವನ ಬಳಿ ಹೋಗಿ ಎಲ್ಲ ಬಿಡಿಸಿ ಹೇಳಿದೆ.

ಅವರು ಹೊಲದ ಬದುವಿನ ಮೇಲೆ ಕೂತು ಪೂರ್ತಿ ಕೇಳಿದರು. "ಖರೇ ಐತಿ ನೀ ಹೇಳೂದು. ಅವರ ಕಂಪ್ಯೂಟರೂ ಬ್ಯಾಡ, ಕಂಪೈಲರೂ ಬ್ಯಾಡ. ವಾಪಸ್ ಕಳಿಸಿಬಿಡು."

ಎದೆ ಹಗುರವಾಯಿತು. ಅವರ ಕಾಲು ಮುಟ್ಟಬೇಕೆನ್ನಿಸಿತು.

"ಪಾಳಿ ಪ್ರೋಗ್ರಾಮ ಅಷ್ಟ ಅವರ ಇಟಗೊಳ್ಳಲಿ ಬಿಡು," ಅಂದರು ಮಾವ. "ಮೊನ್ನೆ ಕುನಾಲ ಕೇಳಿದ್ದ, ಅದರ ಮಾಲಕರು ಯಾರು ಅಂತ. ನಾನ ಮಾಲಕ ಅಂದೆ. ಕಂಪನಿಗೆ ಬಿಟ್ಟಕೊಟ್ಟೇನಿ ಅಂತ ಸಹಿ ಮಾಡೇನಿ. ಬ್ಯಾರೆ ಊರಾಗೂ ಹಾಕ್ತಾರಂತ. ಸತ್ತಿ ಹೆಸರ ಆಗ್ತೈತಿ."

ಇನ್ನು ಅದರಲ್ಲಿ ಒಂದು ಸಾಲು ಬದಲಿಸಬೇಕಾದರೂ ಕಂಪನಿಯನ್ನೇ ಕೇಳಬೇಕು.

"ಮಾವಾರ, ಅದನ್ನ ಬರದಾಕಿ ನಾನು."

"ಯಾರ ಇಲ್ಲಂದ್ರು?" ಅವರಿಗೆ ನಿಜಕ್ಕೂ ಅಚ್ಚರಿಯಾಗಿತ್ತು. "ಹೊಲ, ಮನಿ, ಬಾವಿ ಎಲ್ಲಾ ನನ್ನ ಹೆಸರಿಲೇ ಐತಿ. ಇದೂ ಹಂಗ. ಸೊಸಿ ಮಾಡಿದ್ದು ಮನೀದಲ್ಲನು? ನೀನೂ ನಮ್ಮಾಕಿನ ಅಲ್ಲನವಾ?"

ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಪ್ರೀತಿಯಿತ್ತು, ಕಪಟ ಎಳ್ಳಷ್ಟೂ ಇರಲಿಲ್ಲ. ಕಂಪನಿಯವನ ಜೊತೆಯಾದರೆ ನಾನು ಜಗಳ ತೆಗೆಯಬಹುದಿತ್ತು; ಈ ಕೈಯ ಜೊತೆ ಹೇಗೆ ತೆಗೆಯಲಿ?