ಗೋಡೆಯಿಂದ ಇಳಿದ ತಮಟೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಮೆತ್ತಗಿನ ಸ್ವಭಾವವಲ್ಲ. ಜರತಾರಿ ಹೊದ್ದು, ಪೆಟ್ಟಿಗೆಯೊಳಗೆ ಮಲಗಿ, ಸಭೆಗೆ ಮಾತ್ರ ಹೊರಬರುವ ವಾದ್ಯಗಳಿವೆ. ಅವುಗಳಿಗೆ ನನ್ನ ನಮಸ್ಕಾರ. ನಾನು ಒಂದು ತಮಟೆ. ಬಡಿದರೆ ಅಳುವುದಿಲ್ಲ, ಊರಿಗೇ ಕೇಳುವಂತೆ ಕೂಗುತ್ತೇನೆ. ಕಿವಿ ಸೂಕ್ಷ್ಮವಿರುವವರು ಈಗಲೇ ಎದ್ದು ಹೋಗಬಹುದು.

ನಾನು ಹುಟ್ಟಿದ್ದು ನಂಜನಗೂಡಿನ ಆಚೆಗಿನ ಒಂದು ಹಳ್ಳಿಯ ಕೇರಿಯಲ್ಲಿ, ಕೆಂಡಗಣ್ಣಪ್ಪನ ಕೈಯಲ್ಲಿ. ಕುಲುಮೆಯವನು ಬಗ್ಗಿಸಿಕೊಟ್ಟ ಕಬ್ಬಿಣದ ಬಳೆಯೇ ನನ್ನ ಎಲುಬು. ಕಾಯಿಲೆ ಬಿದ್ದು ಸತ್ತ ಎಳೆಗರುವಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಹಸಿಯಿರುವಾಗಲೇ ಆ ಬಳೆಗೆ ಎಳೆದು ಬಿಗಿದ. ನಾಲ್ಕು ದಿನ ಬಿಸಿಲಿನಲ್ಲಿ ಒಣಗಿದೆ. ಐದನೆಯ ದಿನ ಹುಲ್ಲಿಗೆ ಬೆಂಕಿ ಹಚ್ಚಿ, ನನ್ನನ್ನು ಅದರ ಮೇಲೆ ರೊಟ್ಟಿಯ ಹಾಗೆ ತಿರುಗಿಸಿ ತಿರುಗಿಸಿ ಕಾಯಿಸಿದ. ಆಮೇಲೆ ಬಲಗೈಯ ಗಿಡ್ಡ ಕೋಲಿನಿಂದ ಒಂದೇ ಒಂದು ಏಟು ಹಾಕಿದ. ಎದುರುಮನೆಯ ಹುಂಜ ಹಾರಿ ಮಾಡು ಹತ್ತಿತು. ಅದೇ ನನ್ನ ನಾಮಕರಣ.

ಬೆಂಕಿ ಕಾಣದೆ ನಾನು ನುಡಿಯುವುದಿಲ್ಲ. ಕಾಯಿಸದೆ ಬಾರಿಸಿದರೆ ಒದ್ದೆ ಗೋಣಿಚೀಲಕ್ಕೆ ಒದ್ದ ಸದ್ದಷ್ಟೇ ಬರುತ್ತದೆ. ನನ್ನನ್ನು ಬಾರಿಸಬೇಕೆಂದವರು ಮೊದಲು ಕುಕ್ಕರುಗಾಲಿನಲ್ಲಿ ಕೂತು ಹೊಗೆ ಕುಡಿಯಲೇಬೇಕು. ಕೆಂಡಗಣ್ಣಪ್ಪ ಹಾಗೆ ಕೂತಾಗ ನನ್ನೊಂದಿಗೆ ಮಾತಾಡುತ್ತಿದ್ದ. ಮನುಷ್ಯರಿಗೆ ಹೇಳದ್ದನ್ನು ನನಗೆ ಹೇಳುತ್ತಿದ್ದ.

ಹಾಗೆ ಹೇಳಿದ್ದರಲ್ಲಿ ಒಂದು, ಅವನ ಹದಿನಾರನೆಯ ವಯಸ್ಸಿನ ಸಂಗತಿ. ತಾಲ್ಲೂಕು ಊರಿನಲ್ಲಿ ದೊಡ್ಡವರ ಮದುವೆಗೆ ಇಡೀ ದಿನ ತಮಟೆ ಬಾರಿಸಿ, ಬಾಯಾರಿ, ಒಂದು ಹೋಟೆಲಿಗೆ ಹೋದ. ಅವನಂಥವರಿಗೆ ಅಲ್ಲಿ ಕಿಟಕಿಯ ಹೊರಗೆ ಬೇರೆ ಲೋಟ ಇತ್ತು. ಬಿಸಿರಕ್ತ, ಒಳಗೆ ನಡೆದು ಬೆಂಚಿನ ಮೇಲೆ ಕೂತೇಬಿಟ್ಟ. ಅಂಗಿ ಹಿಡಿದು ಎಳೆದು ತಂದು ಬೀದಿಗೆ ಎಸೆದರು. ತಮಟೆಯನ್ನೂ ಅವನ ಹಿಂದೆಯೇ ಎಸೆದರು. ಅಂದಿನಿಂದ ನಲವತ್ತು ವರ್ಷ, ಕೆಂಡಗಣ್ಣಪ್ಪ ಯಾವ ಹೋಟೆಲಿನ ಹೊಸಿಲನ್ನೂ ದಾಟಿರಲಿಲ್ಲ. ಕಾಲ ಬದಲಾಗಿತ್ತು, ಕಿಟಕಿಯ ಲೋಟ ಹೋಗಿತ್ತು. ಅವನ ಕಾಲು ಮಾತ್ರ ಹೊಸಿಲ ಹತ್ತಿರ ಬಂದೊಡನೆ ನಿಂತುಬಿಡುತ್ತಿತ್ತು. ಇದನ್ನು ಹೇಳಿ ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು, ಬೆಂಕಿಯ ಮೇಲಿದ್ದೆ ಅನ್ನುವ ಕಾರಣಕ್ಕಲ್ಲ.

ವಾರವೆಲ್ಲ ಊರಿನಲ್ಲಿ ಕೂಲಿ ಮಾಡುತ್ತಿದ್ದ ಅವನು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಮೈಸೂರಿಗೆ ಬಂದರೆ ಮೇಷ್ಟ್ರಾಗಿಬಿಡುತ್ತಿದ್ದ. ಒಂದು ನಾಟಕ ತಂಡದ ತಗಡಿನ ಷೆಡ್ಡಿನಲ್ಲಿ ತಮಟೆ ಪಾಠ. ನಾಟಕದವರು, ಒಬ್ಬ ನರ್ಸು, ಒಬ್ಬರು ಬ್ಯಾಂಕಿನವರು, ಹೀಗೆ ಎಂಟು ಹತ್ತು ಜನ. ಅಲ್ಲಿಗೆ ಒಂದು ದಿನ ತನುಜಾ ಬಂದಳು. ವಯಸ್ಸು ಮೂವತ್ತೆರಡು, ಬೆರಳ ತುಂಬ ಬಣ್ಣದ ಕಲೆ.

"ಏನ್ ಕೆಲ್ಸ ಮಾಡ್ತೀಯವ್ವ?" ಕೆಂಡಗಣ್ಣಪ್ಪ ಕೇಳಿದ.

"ಫ್ರೀಲ್ಯಾನ್ಸ್ ಆರ್ಟಿಸ್ಟ್, ಮೇಷ್ಟ್ರೇ. ಹೋಟೆಲುಗಳಿಗೆ ಮೆನು ಬರೀತೀನಿ, ಗೋಡೆ ಮೇಲೆ ಚಿತ್ರ ಬರೀತೀನಿ. ಇಡೀ ದಿನ ಬೆರಳ ತುದೀಲೇ ಬದುಕಿ ಸಾಕಾಗಿದೆ. ತೋಳಿಗೂ ಏನಾದ್ರೂ ಕೆಲಸ ಬೇಕು."

"ಫ್ರೀಲ್ಯಾನ್ಸು ಅಂದ್ರೆ?"

"ಯಾರಾದ್ರೂ ಕರೆದಾಗ ಹೋಗೋದು, ಕರೀದಿದ್ರೆ ಮನೇಲಿ ಕೂರೋದು."

"ಹಂಗಾರೆ ನಾವೂವೆ ಅದೇಯ," ಎಂದು ಅವನು ನನ್ನನ್ನು ಅವಳ ಹೆಗಲಿಗೆ ತಗಲಿಸಿದ. ಹೀಗೆ ನಾನು ಕೈ ಬದಲಾದೆ.

ಮೊದಲ ತಿಂಗಳು ಅವಳು ನನ್ನನ್ನು ಬಾರಿಸಲಿಲ್ಲ, ಹೊಡೆದಳು. ಎರಡಕ್ಕೂ ಇರುವ ವ್ಯತ್ಯಾಸ ನನ್ನ ಬೆನ್ನಿಗೆ ಗೊತ್ತು. ಮನೆಯಲ್ಲಿ ಅಭ್ಯಾಸ ಮಾಡಲು ಹುಲ್ಲೆಲ್ಲಿ ಸಿಗಬೇಕು? ಗ್ಯಾಸಿನ ಒಲೆಯ ಮೇಲೆ ಹಪ್ಪಳ ಸುಟ್ಟ ಹಾಗೆ ಕಾಯಿಸಿ ನನ್ನ ಅಂಚನ್ನು ಕರಿ ಮಾಡಿದಳು. ಮಹಡಿಯ ಮನೆಯವರು ಮೂಗು ಮುಚ್ಚಿಕೊಂಡು ಇಳಿದು ಬಂದರು. "ಏನ್ರೀ ಇದು ವಾಸನೆ? ಮನೇಲಿ ಚರ್ಮ ಸುಡ್ತಾ ಇದೀರಾ?" ಎಂದರು. "ಹೌದು ಆಂಟಿ, ನಿಮ್ ಮನೆ ದೇವರ ಮುಂದೆ ಇರೋ ಮೃದಂಗಕ್ಕೂ ಇದೇ ಹಾಕೋದು," ಎಂದಳು ತನುಜಾ. ಆ ದಿನ ಅವಳು ನನಗೆ ಇಷ್ಟವಾದಳು. ಅವಳ ತಾಯಿ ಮಾತ್ರ ಫೋನು ಮಾಡಿದವರಿಗೆಲ್ಲ "ಮಗಳು ಮನೇಲೇ ಇದಾಳೆ, ಏನೋ ಗೀಚ್ತಿರ್ತಾಳೆ, ಈಗ ಬಡಿಯೋದೂ ಶುರುವಾಗಿದೆ" ಎನ್ನುತ್ತಿದ್ದರು.

ತನುಜಾಳ ಕೆಲಸಕ್ಕೊಂದು ಕಟ್ಟಳೆ ಇತ್ತು. ತಿನ್ನದೆ ಬರೆಯುವುದಿಲ್ಲ. ಯಾವ ಹೋಟೆಲಿನವರು ಮೆನು ಬರೆಸಿದರೂ ಅಲ್ಲಿಯ ಪ್ರತಿಯೊಂದು ತಿಂಡಿಯನ್ನೂ ರುಚಿ ನೋಡಿಯೇ ಅವಳು ಕುಂಚ ಹಿಡಿಯಬೇಕು. ಒಬ್ಬಳೇ ಎಷ್ಟು ತಿಂದಾಳು? ಭಾನುವಾರ ಪಾಠ ಮುಗಿದೊಡನೆ ಇಡೀ ತಂಡವನ್ನು ಎಳೆದುಕೊಂಡು ಹೋಗುತ್ತಿದ್ದಳು. ಒಂದು ವಾರ ಸೆಟ್ ದೋಸೆ, ಒಂದು ವಾರ ಬನ್ಸ್, ಒಂದು ವಾರ ನಾಟಿಕೋಳಿ ಸಾರು, ಮುದ್ದೆ. ತಿನ್ನುತ್ತ ತಿನ್ನುತ್ತ ಮೇಜಿನ ಮೇಲೆ ಬೆರಳಲ್ಲೇ ತಾಳ ಹಾಕುತ್ತಿದ್ದರು.

ಕೆಂಡಗಣ್ಣಪ್ಪ ಬಾಗಿಲವರೆಗೆ ಬರುತ್ತಿದ್ದ. ಅಲ್ಲಿ ಎಲ್ಲರ ತಮಟೆಗಳನ್ನೂ ಇಸಿದುಕೊಂಡು, "ನೀವು ಹೋಗ್ಬನ್ನಿ, ನಾನು ತಮಟೆ ಕಾಯ್ತೀನಿ. ನಂಗೊಂದು ಪಾರ್ಸೆಲ್ ತನ್ನಿ ಸಾಕು" ಎಂದು ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಮೇಷ್ಟ್ರಿಗೆ ತಮಟೆ ಅಂದರೆ ಪ್ರಾಣ ಎಂದು ಶಿಷ್ಯರು ಮೆಚ್ಚಿಕೊಳ್ಳುತ್ತ ಒಳಗೆ ಹೋಗುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ನನಗೆ ಗೊತ್ತಿತ್ತು. ನಾನು ಅವನಿಗೆ ಒಂದು ನೆಪವಾಗಿದ್ದೆ. ಊರನ್ನೇ ಎಬ್ಬಿಸುವ ದನಿಯಿರುವ ನಾನು, ಒಬ್ಬ ಮನುಷ್ಯ ಒಳಗೆ ಹೋಗದಿರುವುದಕ್ಕೆ ನೆಪವಾಗಿ ಕಟ್ಟೆಯ ಮೇಲೆ ಬಿದ್ದಿರಬೇಕೇ? ಬಾಯಿದ್ದೂ ಮೂಗನಾದ ಸಿಟ್ಟು ನನಗೆ ವಾರವಾರವೂ ಬಂತು.

ಎರಡನೆಯ ವರ್ಷ ತನುಜಾಳಿಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಹೊಸ ಹೋಟೆಲು. ಹೆಸರು ಹೇಳುವುದಿಲ್ಲ, ಹೇಳಿದರೆ ಪುಕ್ಕಟೆ ಪ್ರಚಾರ. ಹಳ್ಳಿಯ ಹೆಸರಿಟ್ಟುಕೊಂಡು ಪೇಟೆಯವರಿಗೆ ಊಟ ಬಡಿಸುವ ಜಾಗ. ಮಾಲೀಕ ಪ್ರಸನ್ನಕುಮಾರ ಗೋಡೆಗೆ ನೇಗಿಲು, ಮೊರ, ಕಂದೀಲು, ಬಂಡಿಚಕ್ರ ಎಲ್ಲವನ್ನೂ ತೂಗುಹಾಕಿದ್ದ. ನನ್ನನ್ನು ಕಂಡೊಡನೆ ಅವನ ಕಣ್ಣರಳಿತು.

"ಮೇಡಂ, ಇದು ಒರಿಜಿನಲ್ಲಾ? ಕೊಡಿ, ಬಾಗಿಲಿಗೆ ಎದುರಾಗಿ ಹಾಕೋಣ. ಇದರ ಮೇಲೇ ನಮ್ಮ ಹೋಟೆಲ್ ಹೆಸರು ಬರೆದುಬಿಡಿ. ಬಂದೋರು ಫೋಟೋ ತಗೋತಾರೆ."

ತನುಜಾ ತಪ್ಪು ಮಾಡಿದಳು. ತಮಟೆಗೆ ಗೌರವ ಸಿಕ್ಕಿತೆಂದು ನಿಜವಾಗಿಯೂ ಖುಷಿಪಟ್ಟು ಒಪ್ಪಿಕೊಂಡಳು. ನನ್ನ ಮುಖದ ಮೇಲೆ ಕೆಂಪು, ಹಳದಿ ಬಣ್ಣದಲ್ಲಿ ಹೋಟೆಲಿನ ಹೆಸರು ಬರೆದಳು. ಅಕ್ಷರ ಚೆನ್ನಾಗಿಯೇ ಇತ್ತು, ಕೈಗೇನೂ ಕೊರತೆಯಿಲ್ಲ. ಆಮೇಲೆ ಮೊಳೆ ಹೊಡೆದು ನೇತುಹಾಕಿದರು. ಹೊಸ ಸುಣ್ಣದ ಗೋಡೆ, ಇನ್ನೂ ಹಸಿ. ಆ ತೇವಕ್ಕೆ ನನ್ನ ಮೈ ಸಡಿಲಾಯಿತು. ಅಕ್ಕಪಕ್ಕ ನೇಗಿಲು, ಮೊರ. ಕೆಲಸ ಬಿಡಿಸಿ ಶೃಂಗಾರ ಮಾಡಿ ಕೂರಿಸಿದವರ ಸಾಲು. ನೇಗಿಲು ಆಗಲೇ ಒಗ್ಗಿಕೊಂಡಿತ್ತು. ನಾನು ಒಗ್ಗಿಕೊಳ್ಳಲಿಲ್ಲ.

ಹೋಟೆಲು ತೆರೆದದ್ದು ಒಂದು ಭಾನುವಾರ. ಬಂದವರನ್ನು ಬಾಗಿಲಲ್ಲಿ ಸ್ವಾಗತಿಸಲು ತಮಟೆ ಬೇಕೆಂದು ಮಾಲೀಕ ಕೇಳಿದ್ದ. ತನುಜಾಳ ಮಾತಿಗೆ ಕಟ್ಟುಬಿದ್ದು ಕೆಂಡಗಣ್ಣಪ್ಪ ತನ್ನೂರಿನ ಮೂವರೊಂದಿಗೆ ಬಂದ. ಒಂದು ಗಂಟೆ ಬಿಸಿಲಿನಲ್ಲಿ ನಿಂತು ಬಾರಿಸಿದ. ಗಾಜಿನ ಬಾಗಿಲು ತೆರೆದಾಗಲೆಲ್ಲ ನನಗೆ ಅವನ ಬಲಗೈ ಕೇಳಿಸುತ್ತಿತ್ತು. ಸಡಿಲಾದ ಮೈಯಲ್ಲೂ ನಡುಕ ಹುಟ್ಟುತ್ತಿತ್ತು.

ಎಲ್ಲ ಮುಗಿದ ಮೇಲೆ ಪ್ರಸನ್ನಕುಮಾರ ಬಾಗಿಲಿಗೆ ಬಂದು ನಗುನಗುತ್ತಲೇ ಹೇಳಿದ. "ಮೇಡಂ, ನೀವು ಒಳಗೆ ಬನ್ನಿ, ಟೇಬಲ್ ರೆಡಿ ಇದೆ. ಇವರಿಗೆ ಪಾರ್ಸೆಲ್ ಕಟ್ಟಿಸಿದೀನಿ. ಬೆವರಾಗಿದಾರೆ ಪಾಪ, ಒಳಗೆ ಗೆಸ್ಟು ಇದಾರೆ, ತಪ್ಪು ತಿಳ್ಕೋಬೇಡಿ."

ತನುಜಾ ಮಾತಾಡುವ ಮೊದಲೇ ಕೆಂಡಗಣ್ಣಪ್ಪ ಕೈಚಾಚಿ ಪೊಟ್ಟಣ ತಗೊಂಡ. "ಬುಡವ್ವ, ನಂಗೆ ರೂಢಿ ಅದೆ," ಎಂದ. ಆಗ ಅವನ ಕಣ್ಣು ಗಾಜಿನಾಚೆ ಗೋಡೆಯ ಮೇಲಿದ್ದ ನನ್ನ ಮೇಲೆ ಬಿತ್ತು. ತಾನೇ ಬಿಗಿದ ಚರ್ಮದ ಮೇಲಿನ ಬಣ್ಣವನ್ನು ಬಹಳ ಹೊತ್ತು ನೋಡಿದ.

"ತಮಟೆ ಒಳಕ್ಕೆ ಬಂದುಬುಡ್ತು ಕಣವ್ವ. ಬಾರ್ಸೋನು ಇನ್ನೂ ಇಲ್ಲೇ ಅವ್ನೆ."

ತನುಜಾ ಅವನ ಕಡೆ ತಿರುಗಿದಳು. "ಮೇಷ್ಟ್ರೇ, ಇಷ್ಟು ದಿನ ನೀವು ಹೊರಗೆ ಕೂರ್ತಿದ್ದಿದ್ದು ತಮಟೆ ಕಾಯೋಕಲ್ವಾ?"

"ತಮಟೇನ ಯಾರವ್ವ ಕದ್ದಾರು?" ಎಂದು ಅವನು ನಕ್ಕ. ಅದೇ ನಗು, ಬೆಂಕಿಯ ಮುಂದೆ ನಕ್ಕದ್ದು.

ಅವಳು ನೇರ ಒಳಗೆ ಬಂದು, ಕುರ್ಚಿ ಎಳೆದು ಹತ್ತಿ, ಮೊಳೆಯ ಸಮೇತ ನನ್ನನ್ನು ಕಿತ್ತಳು. ಜೊತೆಗೆ ಸಿಕ್ಕಿಸಿದ್ದ ಕೋಲು ತೆಗೆದು ಒಂದು ಏಟು ಹಾಕಿದಳು. ದೊಪ್ ಎಂದೆ. ನನಗೇ ನಾಚಿಕೆಯಾಯಿತು. ಸೀದಾ ಅಡುಗೆಮನೆಗೆ ನುಗ್ಗಿ ದೊಡ್ಡ ಒಲೆಯ ಉರಿಗೆ ನನ್ನನ್ನು ಹಿಡಿದಳು. ತಿರುಗಿಸದೆ ಒಂದೇ ಕಡೆ ಹಿಡಿದಿದ್ದಳು. ದೋಸೆ ಹುಯ್ಯುತ್ತಿದ್ದ ಅಡುಗೆಯವರು ಒಂದು ಗಳಿಗೆ ನೋಡಿ, ಸಟ್ಟುಗ ಕೆಳಗಿಟ್ಟು, "ಹಂಗಲ್ಲಮ್ಮ ಕಾಯ್ಸೋದು, ಕೊಡಿ ಇಲ್ಲಿ" ಎಂದು ನನ್ನನ್ನು ಇಸಿದುಕೊಂಡರು. ಎಷ್ಟು ಚೆನ್ನಾಗಿ ತಿರುಗಿಸಿದರೆಂದರೆ, ಇವರೂ ನಮ್ಮ ಕಡೆಯವರೇ ಎಂದು ನನಗೆ ಗೊತ್ತಾಯಿತು. ಬಣ್ಣ ಬಿರುಕು ಬಿಟ್ಟಿತು. ಮೈ ಬಿಗಿಯಿತು. ಬಾ, ಬಾರಿಸು ಎಂದೆ.

ತುಂಬಿದ ಹೋಟೆಲಿನ ನಟ್ಟನಡುವೆ ನಿಂತು ತನುಜಾ ಬಾರಿಸತೊಡಗಿದಳು. ತುತ್ತು ಬಾಯಿಗೆ ಹೋಗುವುದರಲ್ಲೇ ನಿಂತಿತು. "ಮೇಡಂ, ಏನಿದು, ನಿಲ್ಸಿ!" ಎಂದು ಪ್ರಸನ್ನಕುಮಾರ ಓಡಿ ಬಂದ. ಅವಳು ನಿಲ್ಲಿಸಲಿಲ್ಲ. ಆದರೆ ಸಿಟ್ಟಿನ ಕೈಗೆ ಲೆಕ್ಕ ನಿಲ್ಲುವುದಿಲ್ಲ. ನಾಲ್ಕನೆಯ ಸುತ್ತಿಗೆ ಎಡಗೈ ಹಿಂದೆ ಬಿತ್ತು, ಬಲಗೈ ಮುಂದೆ ಓಡಿತು, ತಾಳ ಚೆಲ್ಲಾಪಿಲ್ಲಿಯಾಯಿತು. ನಾನು ಬೇಕಾದಷ್ಟು ಏಟು ತಿಂದಿದ್ದೇನೆ, ಅಷ್ಟು ಕೆಟ್ಟ ಏಟು ತಿಂದಿರಲಿಲ್ಲ.

ಹೊರಗಿನಿಂದ ಕೂಗು ಕೇಳಿತು. "ಎಡಗೈ! ಎಡಗೈ ನೋಡ್ಕೊ!"

ಅವಳು ಸರಿಪಡಿಸಿಕೊಳ್ಳಲು ಹೋಗಿ ಇನ್ನಷ್ಟು ಕೆಡಿಸಿದಳು. "ಅಯ್ಯೋ, ಏನ್ ಮಾಡ್ತಿದ್ದೀಯವ್ವ, ತಮಟೆ ಕೊಂದುಬುಟ್ಟೀಯ!" ಎನ್ನುತ್ತ ಕೆಂಡಗಣ್ಣಪ್ಪ ಬಂದ. ಗಾಜಿನ ಬಾಗಿಲು ತಳ್ಳಿದ್ದೂ ಅವನಿಗೆ ಗೊತ್ತಿಲ್ಲ, ಹೊಸಿಲು ದಾಟಿದ್ದೂ ಗೊತ್ತಿಲ್ಲ, ಮಾಲೀಕನನ್ನು ತೋಳಿನಿಂದ ಪಕ್ಕಕ್ಕೆ ಸರಿಸಿದ್ದೂ ಗೊತ್ತಿಲ್ಲ. ಕೆಟ್ಟ ಏಟನ್ನು ಸಹಿಸುವುದು ಮಾತ್ರ ಅವನಿಂದಾಗದು. ಅವಳಿಂದ ಕೋಲನ್ನೂ ನನ್ನನ್ನೂ ಕಿತ್ತುಕೊಂಡು, "ಕೇಳುಸ್ಕೋ, ಹಿಂಗೆ" ಎಂದು ಶುರುಮಾಡಿದ.

ಆ ದಿನ ನಾನು ನುಡಿದ ಹಾಗೆ ಮತ್ತೆಂದೂ ನುಡಿದಿಲ್ಲ. ಒಂದೊಂದು ಏಟಿಗೂ ನನ್ನ ಮೇಲಿನ ಹೆಸರು ಚಕ್ಕೆ ಚಕ್ಕೆಯಾಗಿ ಹಾರಿತು. ಕೆಂಪು ಚೂರು ಒಬ್ಬರ ಸಾಂಬಾರಿಗೂ ಬಿತ್ತು. ಬೀಳಲಿ ಎಂದುಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ಸಟ್ಟುಗ ಹಿಡಿದ ಕೈ ತಾಳ ಹಾಕುತ್ತಿತ್ತು. ಮೂಲೆಯ ಮೇಜಿನ ಅಜ್ಜಿಯೊಬ್ಬರು ಕುರ್ಚಿಯಲ್ಲೇ ಕುಣಿಯುತ್ತಿದ್ದರು.

ಮುಕ್ತಾಯದ ಏಟು ಹಾಕಿ ಕೆಂಡಗಣ್ಣಪ್ಪ ತಲೆಯೆತ್ತಿದ. ಆಗ ಅವನಿಗೆ ತಾನೆಲ್ಲಿದ್ದೇನೆಂದು ತಿಳಿಯಿತು. ಬಾಗಿಲ ಕಡೆ ನೋಡಿದ. ತನ್ನ ಪಾದ ನೋಡಿಕೊಂಡ. ಅವನ ಕೈ ಅಂಗಿಯ ಕೊರಳಪಟ್ಟಿಗೆ ಹೋಯಿತು, ಯಾರೋ ಹಿಡಿದೆಳೆಯುತ್ತಾರೇನೋ ಎಂಬ ಹಾಗೆ. ಯಾರೂ ಎಳೆಯಲಿಲ್ಲ. ನನಗೆ ಅವನ ಎದೆಬಡಿತ ಕೇಳಿಸುತ್ತಿತ್ತು. ಹೋಗಿಬಿಡುತ್ತಾನೆ, ಇಷ್ಟೆಲ್ಲ ಆಗಿಯೂ ಹೋಗಿಬಿಡುತ್ತಾನೆ ಎಂದು ಹೆದರಿದೆ.

ಅವನು ಹತ್ತಿರದ ಕುರ್ಚಿ ಎಳೆದು ಕೂತ. ಬಾಗಿಲಲ್ಲಿ ನಿಂತ ತನ್ನೂರಿನ ಮೂವರಿಗೆ "ಬನ್ರೋ" ಎಂದ. ನನ್ನನ್ನು ಮೊಣಕಾಲಿಗೆ ಒರಗಿಸಿಕೊಂಡು, "ತನುಜವ್ವ, ಏನೇನದೆ ಇಲ್ಲಿ?" ಎಂದು ಕೇಳಿದ.

ತಾನೇ ಬರೆದ ಮೆನು ಅವಳ ಕೈಯಲ್ಲಿತ್ತು. ಅದನ್ನು ಮಡಚಿ ಪಕ್ಕಕ್ಕಿಟ್ಟಳು. ಎಲ್ಲವನ್ನೂ ತಿಂದು ನೋಡಿದ್ದಳಲ್ಲ, "ಮಸಾಲೆ ದೋಸೆ ಚೆನ್ನಾಗಿದೆ ಮೇಷ್ಟ್ರೇ" ಎಂದಳು.

"ನಾಕು ಹೇಳು. ಇಲ್ಲಿಗೇ."

ಪ್ರಸನ್ನಕುಮಾರ ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಯವರು ತಾವೇ ನಾಲ್ಕು ತಟ್ಟೆ ಹಿಡಿದು ಹೊರಬಂದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅದಾದ ಮೇಲೆ ಆ ಹೋಟೆಲಿನವರು ತನುಜಾಳನ್ನು ಕರೆಯಲಿಲ್ಲ. ತಲೆಹರಟೆ ಹೆಂಗಸು ಎಂದು ಬೇರೆಯವರಿಗೂ ಹೇಳಿದರಂತೆ. ಮೂರು ತಿಂಗಳು ಅವಳು ಮನೆಯಲ್ಲೇ ಕೂತಳು. ಆಮೇಲೆ ಇನ್ಯಾರೋ ಕರೆದರು, ಹೋದಳು. ಗೋಡೆಯ ಮೇಲೆ ತಮಟೆ ಬೇಕೆಂದವರಿಗೆ ಈಗ ಒಂದೇ ಉತ್ತರ ಕೊಡುತ್ತಾಳೆ. "ಬರುತ್ತೆ. ಆದ್ರೆ ಬಾರಿಸೋರು ಬಂದು ಕೂತು ಉಂಡಮೇಲೆ, ಅವರ ಜೊತೇಲೇ ವಾಪಸ್ ಹೋಗುತ್ತೆ."

ಈಗ ನನಗೆ ವಯಸ್ಸಾಗಿದೆ. ಹೋದ ತಿಂಗಳು ಪಾಠದ ನಡುವೆ ಚರ್ಮ ಅಂಗೈಯಗಲ ಹರಿಯಿತು. ಹೊಸ ಶಿಷ್ಯರು ಅಯ್ಯೋ ಎಂದರು. ಅಯ್ಯೋ ಎನ್ನುವಂಥದ್ದೇನಿಲ್ಲ. ಬಾರಿಸಿಕೊಂಡು ಹರಿಯುವುದು ನನ್ನ ಜಾತಿಗೆ ಮರ್ಯಾದೆ. ಗೋಡೆಯ ಮೇಲೆ ಹುಳ ಹಿಡಿದು ಹರಿದಿದ್ದರೆ ಅಯ್ಯೋ ಎನ್ನಬಹುದಿತ್ತು.

ಹೊಸ ಚರ್ಮ ಹಾಕಲೆಂದು ಮೊನ್ನೆ ಕೆಂಡಗಣ್ಣಪ್ಪ ನನ್ನನ್ನು ಊರಿಗೆ ಹೊತ್ತುಕೊಂಡು ಹೊರಟ. ತನುಜಾಳೂ ಜೊತೆಗಿದ್ದಳು. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕೆಂಡಗಣ್ಣಪ್ಪನೇ ಮುಂದಾಗಿ ನಡೆದ. ಕೂತೊಡನೆ ಮಾಣಿ ಬಂದು, ಹರಿದ ನನ್ನ ಕಡೆ ಮುಖ ಸಿಂಡರಿಸಿ, "ಯಜಮಾನ್ರೆ, ಇದನ್ನ ಹೊರಗಡೆ ಇಟ್ ಬನ್ನಿ, ಯಾರೂ ಮುಟ್ಟಲ್ಲ" ಎಂದ.

ತನುಜಾ ಏಳಲು ಹೋದಳು. ಕೆಂಡಗಣ್ಣಪ್ಪ ಅವಳ ತೋಳು ಹಿಡಿದು ಕೂರಿಸಿದ. ಆಮೇಲೆ ಮಾಣಿಯ ಕಡೆ ತಿರುಗಿ, ದನಿಯೇರಿಸದೆ, ನಗದೆ ಹೇಳಿದ.

"ಇದು ನಮ್ ಜೊತೆ ಬಂದದೆ ಕಣಪ್ಪ. ಇನ್ನೊಂದು ಕುರ್ಚಿ ತತ್ತಾ."