ಹಿಂದಿನ ಸೀಟಿನ ಮಾತು

ಮಿಸುಜು ತನ್ನ ಹಳೆಯ ನೀಲಿ ಕಾರನ್ನು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿಟ್ಟಿದ್ದಳು. ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದ ಕಾಲದಲ್ಲಿ ಹಾಕಿಸಿದ ಸಸ್ಪೆನ್ಷನ್ ಅದು. ಎತ್ತರವನ್ನೂ ಬಿಗಿಯನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಜಪಾನಿನ ಈದಾ ಪಟ್ಟಣದ ಪಡ್ಡೆ ಹುಡುಗರು ಆ ಕಾರನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಅವಳ ಜಂಬವೂ ಸಣ್ಣದಲ್ಲ.

ಅತ್ತೆ ಕಿನುಯೊ ಅವರ ಬೆನ್ನುಮೂಳೆ ಬಿರುಕು ಬಿಟ್ಟಿತು. ವಾರವಾರ ಗುಡ್ಡ ದಾಟಿ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿಗೆ ಜಂಬಕ್ಕೆ ಸಂಚಕಾರ ಬಂತು.

"ಈ ಕಲ್ಲುಬಂಡೆ ಮಾರ್ಬಿಡು. ಮೆತ್ತಗಿರೋ ಡಬ್ಬಿ ಗಾಡಿ ಒಂದು ತಗೊಳ್ಳೋಣ," ಎಂದ ಗಂಡ ತಕುರೋ.

"ಮಾರಲ್ಲ. ಇದನ್ನೇ ಮೆತ್ತಗೆ ಮಾಡ್ತೀನಿ."

"ಆಗ್ದಿದ್ರೆ?"

"ಆಗ ನಾನೇ ಕೀಲಿಕೈ ನಿನ್ನ ಕೈಗಿಡ್ತೀನಿ."

ನಾಲ್ಕೂ ಚಕ್ರಗಳ ಸಸ್ಪೆನ್ಷನ್ನಿನ ಬಿಗಿ ಹೊಂದಿಸುವ ತಿರುಪನ್ನು ಪೂರಾ ಸಡಿಲಿಗೆ ತಿರುಗಿಸಿದಳು. ತಾನೇ ಓಡಿಸಿ ನೋಡಿದಳು, ಹಾಯಾಗಿತ್ತು. ಅತ್ತೆಯನ್ನು ಚಾಲಕನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಹಿರಿಯರ ಮರ್ಯಾದೆಯ ಜಾಗ ಅದೇ ತಾನೇ.

"ಹೇಗಿತ್ತು ಅತ್ತೆ?"

"ಆಹಾ, ತುಂಬ ಚೆನ್ನಾಗಿತ್ತಮ್ಮ. ಏನೂ ತೊಂದ್ರೆ ಇಲ್ಲ."

ಮಿಸುಜು ಉಬ್ಬಿಹೋದಳು. ಮುಂದಿನ ವಾರ ನೋಡಿದರೆ ಅತ್ತೆ ಬಟ್ಟೆಯ ಗಂಟು ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದರು.

"ನಿಂಗ್ಯಾಕಮ್ಮ ಸುಮ್ನೆ ತೊಂದ್ರೆ? ಬಸ್ಸಿದೆಯಲ್ಲ!"

ಇಲ್ಲಿನ ಹಿರಿಯರು ನೋವಾಯಿತೆಂದು ಬಾಯಿಬಿಟ್ಟು ಹೇಳುವವರಲ್ಲ, ನಯವಾಗಿ ಬಸ್ಸು ಹತ್ತುತ್ತಾರೆ. ಇಷ್ಟು ವರ್ಷ ಸೊಸೆಯಾಗಿದ್ದೂ ಆ "ಚೆನ್ನಾಗಿತ್ತು" ಎಂಬುದನ್ನು ನಂಬಿದೆನಲ್ಲ ಎಂದು ಮಿಸುಜುಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆಗಲೇ ಇನ್ನೊಂದು ಹೊಳೆಯಿತು. ಇಷ್ಟು ವರ್ಷಗಳಲ್ಲಿ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ತಾನು ಒಮ್ಮೆಯೂ ಕೂತಿರಲಿಲ್ಲ.

ಅಂದೇ ಸಂಜೆ ತಕುರೋನನ್ನು ಓಡಿಸಲು ಕೂರಿಸಿ, ಹಿಂದಿನ ಸೀಟಿನಲ್ಲಿ ಅತ್ತೆಗೆಂದು ಇಟ್ಟಿದ್ದ ದಿಂಬಿನ ಮೇಲೆ ತಾನು ಕೂತಳು. ಸೇತುವೆಯ ಮೊದಲ ಸಂದು ದಾಟುತ್ತಲೇ ಕೆಳಗಿಂದ ಧಡ್ ಎಂದು ಗುದ್ದು ಬಿದ್ದು ಕತ್ತಿನವರೆಗೂ ಏರಿತು. ಆಮೇಲೆ ಗಾಡಿ ತೂಗಾಡಿದ ಪರಿಗೆ ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದಳು.

"ನಿಧಾನ ಓಡ್ಸೋ ಮಾರಾಯ!"

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಬೇಕಷ್ಟೆ."

ತಪ್ಪು ಅವನದಲ್ಲ. ಕಾರು ಅಷ್ಟು ತಗ್ಗಿದ್ದಾಗ ಹಿಂದಿನ ಚಕ್ರಕ್ಕೆ ಮೇಲೇಳಲು ಜಾಗವೇ ಇರಲಿಲ್ಲ. ಹಿಂದೆ ಒಬ್ಬರು ಕೂತರೆ ಸಾಕು, ಸ್ಪ್ರಿಂಗ್ ಕುಗ್ಗಿ ತುದಿಯಲ್ಲಿ ತಡೆಗೆಂದಿಟ್ಟ ರಬ್ಬರಿಗೆ ಬಡಿಯುತ್ತಿತ್ತು. ಅವಳು ತಿರುಪು ಸಡಿಲಿಸಿದ್ದು ಗುದ್ದನ್ನು ಹೆಚ್ಚೇ ಮಾಡಿತ್ತು. ಕಾರು ಮೇಲೇಳಬೇಕು, ಬೇರೆ ದಾರಿ ಇಲ್ಲ.

ಗ್ಯಾರೇಜಿನ ಹಾತಾಕೆದಾ ನಕ್ಕುಬಿಟ್ಟ. "ಎತ್ತರ ಮಾಡ್ತೀಯಾ? ನೀನಾ? ಹುಡುಗ್ರು ಟ್ರ್ಯಾಕ್ಟರ್ ಬಂತು ಅಂತಾರೆ ನೋಡು."

"ಅನ್ಲಿ ಬಿಡಿ. ಅವ್ರೇನು ನಮ್ಮತ್ತೆನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ?"

ಮೆತ್ತನೆಯ ಸ್ಪ್ರಿಂಗ್ ಹಾಕಿಸಿದಳು. ಕಾರನ್ನು ಎತ್ತಿಸಿದಳು. ತೂಗಾಟ ನಿಲ್ಲುವಷ್ಟು ತಿರುಪು ಬಿಗಿಸಿದಳು. ಪ್ರತಿ ಸಲವೂ ತಕುರೋನ ಕೈಲಿ ಓಡಿಸಿ ಹಿಂದೆ ಕೂತು ನೋಡಿದಳು, ಸರಿಬಾರದಿದ್ದರೆ ಮತ್ತೆ ಬಿಚ್ಚಿದಳು. ಅವನು ಗೊಣಗಿದ, ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಿಂತ ಕಾರು ನೋಡಲು ಪೆದ್ದುಪೆದ್ದಾಗಿತ್ತು. ಅವಳಿಗೆ ಸಂಕಟವಾಯಿತು, ನಿಜ. ಆದರೂ ತಗ್ಗಿಸಲಿಲ್ಲ.

ಆಸ್ಪತ್ರೆಯ ದಿನ ಕಾರನ್ನು ನೇರ ಬಸ್ ನಿಲ್ದಾಣಕ್ಕೇ ತಂದು ನಿಲ್ಲಿಸಿದಳು.

"ಹತ್ತಿ ಅತ್ತೆ."

"ನಿಂಗ್ಯಾಕಮ್ಮ ಸುಮ್ನೆ..."

"ಹತ್ತಿ ಅಂದೆ."

ಹೋಗುವಾಗಲೂ ಬರುವಾಗಲೂ ಹೇಗಿದೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತೇ ಇತ್ತು. ವಾಪಸು ಬರುವಾಗ ಸೇತುವೆ ಸದ್ದಿಲ್ಲದೆ ಕಳೆಯಿತು. ಕನ್ನಡಿಯಲ್ಲಿ ನೋಡಿದಳು. ಬಾಗಿಲ ಮೇಲಿನ ಹಿಡಿಯಿಂದ ಜಾರಿದ ಕೈ ಮಡಿಲಲ್ಲಿ ಬಿದ್ದಿತ್ತು. ಅತ್ತೆ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಮನೆಯ ಓಣಿ ಬಂತು. ತಕುರೋ ಬಾಗಿಲಲ್ಲೇ ಕಾಯುತ್ತಿದ್ದ. ಹಿಂದೆ ಗೊರಕೆ ಇನ್ನೂ ನಿಂತಿರಲಿಲ್ಲ. ಮಿಸುಜು ಕಾರನ್ನು ಮನೆಯತ್ತ ತಿರುಗಿಸಲಿಲ್ಲ. ಅವನ ಮುಂದೆಯೇ ದಾಟಿಹೋಗಿ, ಸೇಬಿನ ತೋಟಗಳ ಬಳಸುದಾರಿ ಹಿಡಿದು ಮತ್ತೆ ಸೇತುವೆಯ ಕಡೆಗೆ ಹೊರಟಳು.