ಕೆಂಪು ಕಾಲಂ

“ಈ ಎಸ್ರುಗಳ್ನ ಕೆಂಪು ಕಾಲಮ್ಗೆ ಆಕ್ದೋರು ಯಾರು?” ಮಹದೇವಿ ಎದ್ದು ನಿಂತೇ ಕೇಳಿದಳು.

ಟೀಮ್ ಲೀಡರ್ ಬಸವಕುಮಾರ್ ವಡೆ ತಿನ್ನುತ್ತಿದ್ದ. “ನಾನೇ ಕಣವ್ವ. ಏನೀಗ?”

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹಿಂದೆ, ಗೊಬ್ಬರದಂಗಡಿಯ ಮೇಲಿನ ಆ ಕೋಣೆಯಲ್ಲಿ ನಡೆಯುವುದು ಪದ ಬೇರ್ಪಡಿಸುವ ಕೆಲಸ. ಪೇಟೆಂಟ್ ದಾಖಲೆಗಳ ರಾಶಿಯಿಂದ ಕಂಪನಿಗಳಿಗೆ ಬೇಕಾದ್ದಷ್ಟನ್ನು ಸೋಸಿ ಕೊಡಬೇಕು. ಹಸಿರು ಕಾಲಮ್ಮಿನ ಪದವಿದ್ದ ದಾಖಲೆ ಉಳಿಯುತ್ತದೆ. ಕೆಂಪಿನದಿದ್ದರೆ ಕಂಪ್ಯೂಟರ್ ಅದನ್ನು ತೋರಿಸುವುದೇ ಇಲ್ಲ. ರೇಷ್ಮೆ ನೂಲು ತೆಗೆಯುವ ಯಂತ್ರ ಹುಡುಕುವವನಿಗೆ ‘ರೀಲಿಂಗ್’ ಹಸಿರು, ‘ಸೀರೆ’ ಕೆಂಪು.

ಈ ಸಲದ ಕಂಪನಿ, ಬೆಟ್ಟದವರು ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿನ ರಸದಿಂದ ಆಹಾರ ಕೆಡದಂತೆ ಇಡುವುದು ತನ್ನದೇ ಹೊಸ ಶೋಧ ಎನ್ನುತ್ತಿತ್ತು. ಮೊದಲೇ ಯಾರಾದರೂ ಮಾಡಿದ್ದಾರೆಯೇ ಎಂದು ಹುಡುಕಿ ವರದಿ ಕೊಡಬೇಕು. “ನಿಮ್ ಕಾಡಲ್ಲಿ ಇದ್ಕೆ ಏನೇನಂತರೆ, ಎಲ್ಲಾನೂ ಕೇಳ್ಕಂಡ್ ಬಾ” ಎಂದು ಬಸವಕುಮಾರನೇ ಅವಳನ್ನು ಬಿಳಿಗಿರಿರಂಗನ ಬೆಟ್ಟದ ಪೋಡಿಗೆ, ಅವಳ ಸೋಲಿಗ ಜನರ ಹಾಡಿಗೆ, ಕಳಿಸಿದ್ದ. ಸೋದರಮಾವ ಕ್ಯಾತಯ್ಯ ಮತ್ತೆ ಚಿಗುರಲೆಂದು ಒಂದಿಷ್ಟು ಬೇರನ್ನು ನೆಲದಲ್ಲೇ ಬಿಟ್ಟು ಮಣ್ಣು ಮುಚ್ಚುತ್ತಾ ಹೇಳಿದ್ದ: “ಬರ್ಕ ಮಗ. ನಮ್ಮೆಸ್ರು ಅಲ್ಲೂ ಇರ್ಲಿ.”

ಮಾಗಳಿ, ಮಾಕಳಿ, ಉಪ್ಪಿನಕಾಯಿ. ಕೊನೆಗೆ, ಸೋಲಿಗ. ಅವಳು ಬರೆದು ತಂದ ಎಲ್ಲವೂ ಈಗ ಕೆಂಪಿನಲ್ಲಿದ್ದವು.

“ಇವೆಲ್ಲಾ ತೆಗುದ್ರೆ ಇನ್ನೇನ್ ಸಿಕ್ಕದು ಸಾ?”

“ಏನೂ ಸಿಕ್ಕಬಾರ್ದು. ಬಂಡವಾಳ ಆಕೋರ್ಗೆ ತೋರ್ಸಕ್ಕೆ ಕಿಲೀನ್ ರಿಪೋರ್ಟ್ ಬೇಕಂತೆ.”

“ಅಂಗಾದ್ರೆ ನನ್ನ ಬೆಟ್ಟುಕ್ಕೆ ಯಾಕ್ ಕಳುಸುದ್ರಿ?”

“ಎಸ್ರೇ ಗೊತ್ತಿಲ್ದೆ ಅಳ್ಸದು ಎಂಗೆ?” ಅವನು ನಕ್ಕ. “ನಿಮ್ಮಾವ ಬೇರ್ ತಿನ್ಕಂಡ್ ಇರ್ಲಿ. ಬ್ಯಾಡಾ ಅಂದೋರ್ಯಾರು?”

ಪಕ್ಕದ ಕುರ್ಚಿಯ ಕೋಮಲ ಕಿಸಕ್ಕೆಂದವಳು ಮಹದೇವಿಯ ಮುಖ ನೋಡಿ ಬಾಯಿ ಮುಚ್ಚಿದಳು.

ಮಹದೇವಿ ಒಂದೊಂದೇ ಪದವನ್ನು ಹಸಿರಿಗೆ ಎಳೆದು ಹಾಕಿದಳು. ಬಸವಕುಮಾರ್ ಎಣ್ಣೆಗೈಯಲ್ಲೇ ಮೌಸ್ ಕಿತ್ತುಕೊಂಡು ಎಲ್ಲವನ್ನೂ ಒಟ್ಟಿಗೆ ಕೆಂಪಿಗೆ ತಳ್ಳಿದ. “ನಿನ್ ಕೈಲಾಗ್ದಿದ್ರೆ ಕೋಮಲ ಮಾಡ್ತಳೆ. ಬ್ಯಾಗ್ ತಕಂಡು ನಡಿ.”

“ಬುಡಿ, ನಾನೇ ಕಳುಸ್ತೀನಿ.”

“ಅಂಗ್ ಬಾ ದಾರಿಗೆ.” ಫೋನನ್ನು ಚಾರ್ಜಿಗೆ ಹಾಕಿ ಅವನು ಟೀಗೆ ಇಳಿದ.

ಅವಳು ಕಾಲಂ ಮುಟ್ಟಲಿಲ್ಲ. ವರದಿಯ ಮೊದಲ ಪುಟದ ನೆತ್ತಿಯ ಮೇಲೆ, ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಳು: ‘ಈ ಹೆಸರುಗಳಿರುವ ದಾಖಲೆಗಳನ್ನು ಬೇಕೆಂದೇ ಬಿಟ್ಟು ಹುಡುಕಲಾಗಿದೆ.’ ಕೆಳಗೆ ಎಲ್ಲ ಹೆಸರನ್ನೂ ಇಳಿಸಿದಳು. ಈಮೇಲಿನಲ್ಲಿ ಕಂಪನಿಯ ವಿಳಾಸದ ಜೊತೆ ಬಂಡವಾಳ ಹಾಕುವವರ ವಿಳಾಸವೂ ಇದೆಯೇ ಎಂದು ನೋಡಿ ಕಳಿಸಿಬಿಟ್ಟಳು.

“ಅಕ್ಕ, ಏನ್ ಮಾಡ್ಬುಟ್ಟೆ!” ಕೋಮಲ ಕುರ್ಚಿ ಬಿಟ್ಟು ಎದ್ದಳು.

ಮಹದೇವಿ ಕೆಳಗಿಳಿದು ಗೊಬ್ಬರದಂಗಡಿಯ ಪಕ್ಕದ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆಯಲು ಕೂತಳು. ಮೂಲೆಯಲ್ಲಿ ರಾಗಿ ಹಿಟ್ಟು ಒಣಗಿ ಹಿಡಿದಿತ್ತು. ಉಗುರಿನಿಂದ ಕೆರೆದಳು. ಮೇಲೆ ಬಸವಕುಮಾರನ ಫೋನ್ ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ಅವಳು ನೀರನ್ನು ಇನ್ನಷ್ಟು ಜೋರಾಗಿ ಬಿಟ್ಟಳು.